ಗಣಕಯಂತ್ರದಲ್ಲಿ ವಿಮಾನದ ಪಾರ್ಶ್ವಚಿತ್ರ

ಪ್ರಾಚೀನ ನಾಣ್ಯಗಳನ್ನು ನೋಡಿದವರಿಗೆಲ್ಲ ಒಂದು ಸಂಗತಿ ಗೊತ್ತಿರುತ್ತದೆ. ಅರಸನ ಮುಖವನ್ನು ಅವುಗಳ ಮೇಲೆ ಎದುರಿನಿಂದ ಕೊರೆದಿರುವುದು ವಿರಳ. ಬಹುಮಟ್ಟಿಗೆ ಒಂದು ಮಗ್ಗುಲಿನಿಂದಲೇ ಕೊರೆದಿರುತ್ತಾರೆ. ಹಣೆ, ಮೂಗು, ತುಟಿ, ಗದ್ದ ಇವೆಲ್ಲ ಒಂದೇ ರೇಖೆಯಲ್ಲಿ ಹರಿದು ಬರುವುದರಿಂದ ಒಬ್ಬನ ಮುಖವನ್ನು ಇನ್ನೊಬ್ಬನ ಮುಖದಿಂದ ಬೇರ್ಪಡಿಸಿ ಗುರುತಿಸಲು ಮಗ್ಗುಲ ನೋಟಕ್ಕಿಂತ ಉತ್ತಮವಾದ ನೋಟವಿಲ್ಲ. ವಿಮಾನಗಳ ವಿಷಯದಲ್ಲಿಯೂ ಹೀಗೆಯೇ. ಮೂತಿಯ ತುದಿಯಿಂದ ಬಾಲದ ಕೊನೆಯ ವರೆಗೆ ವಿಮಾನವೊಂದನ್ನು ನಿಖರವಾಗಿ ಒಂದೇ ಪಕ್ಕದಿಂದ ತೋರಿಸಿ, ಅದರ ಬಣ್ಣ, ಗುರುತು, ಅಂಕಿಗಳೆಲ್ಲವನ್ನೂ ದಾಖಲಿಸುವ ಚಿತ್ರಕ್ಕೆ ಪಾರ್ಶ್ವಚಿತ್ರವೆಂದು ಕರೆಯಬಹುದು. ಇಂಗ್ಲಿಷಿನಲ್ಲಿ ಇದಕ್ಕೆ ಪ್ರೊಫೈಲ್ ಎನ್ನುತ್ತಾರೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಆಕಾಶವನ್ನು ಕಾಯುತ್ತಿದ್ದ ಸ್ವಯಂಸೇವಕರಿಗೆ ಕಪ್ಪು ನೆರಳಿನಂಥ ಆಕೃತಿಗಳನ್ನು ತೋರಿಸಿ, ಯಾವುದು ಸ್ವಂತದ್ದು ಯಾವುದು ಶತ್ರುವಿನದು ಎಂಬುದನ್ನು ಕಲಿಸುತ್ತಿದ್ದರು. ಯುದ್ಧ ಮುಗಿದ ಮೇಲೆ ಅದೇ ಆಕೃತಿಗಳು ಬಣ್ಣ ತಳೆದು ಇತಿಹಾಸದ ಪುಸ್ತಕಗಳನ್ನು ಸೇರಿದವು. 1960ರ ದಶಕದಲ್ಲಿ ಅಲ್ಲಿನ ಪ್ರೊಫೈಲ್ ಪಬ್ಲಿಕೇಷನ್ಸ್ ಸಂಸ್ಥೆಯವರು ಒಂದೊಂದು ವಿಮಾನಕ್ಕೆ ಒಂದೊಂದು ಕಿರುಹೊತ್ತಗೆಯಂತೆ ಸಾಲುಸಾಲಾಗಿ ಪ್ರಕಟಿಸಿದರು. ಆಗ ಚಿತ್ರಕಾರನ ಕೈಯಲ್ಲಿ ಕುಂಚವೂ ಬಣ್ಣ ಚಿಮುಕಿಸುವ ಗಾಳಿಪಿಚಕಾರಿಯೂ ಇದ್ದವು. ಇಂದು ಅವುಗಳ ಸ್ಥಾನದಲ್ಲಿ ಗಣಕಯಂತ್ರವೂ ಮೌಸೂ ಬಂದಿವೆ. ಉಪಕರಣ ಬದಲಾಯಿತೇ ಹೊರತು ಕೆಲಸದ ಕಷ್ಟ ಬದಲಾಗಿಲ್ಲ. ಗಣಕಯಂತ್ರವೇ ಚಿತ್ರ ತೆಗೆಯುತ್ತದೆ, ಮನುಷ್ಯ ಸುಮ್ಮನೆ ಕುಳಿತಿರುತ್ತಾನೆ ಎಂದು ತಿಳಿದವರು ನಮ್ಮಲ್ಲಿ ಬಹಳ ಜನರಿರುವುದರಿಂದ ಈ ಮಾತನ್ನು ಮೊದಲೇ ಹೇಳಬೇಕಾಯಿತು.

ಕಲಾ ಮಹಾವಿದ್ಯಾಲಯದ ವಾರ್ಷಿಕ ಸಂಚಿಕೆಯಲ್ಲಿ ವಿಮಾನಕ್ಕೇನು ಕೆಲಸ ಎಂದು ಕೆಲವರು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಮೊದಲನೆಯದು, ವಿಮಾನ ನಮಗೆ ತೀರ ದೂರದ ವಸ್ತುವೇನಲ್ಲ. ಚಚಡಿಯ ಎರಿ ಹೊಲದಲ್ಲಿ ಜೋಳದ ತೆನೆ ಕೊಯ್ಯುತ್ತಿರುವವರು ಸಪ್ಪಳ ಕೇಳಿ ತಲೆಯೆತ್ತಿ ನೋಡುವ ವಿಮಾನಗಳಿಗೆ ಸಾಂಬ್ರಾ ಎಂಬ ನೆಲೆ ಇದೇ ಜಿಲ್ಲೆಯಲ್ಲಿದೆ. ಅಲ್ಲಿ ವಾಯುಪಡೆಯ ಸೈನಿಕರಿಗೆ ಶಿಕ್ಷಣ ಕೊಡುವ ಶಾಲೆಯಿದೆ. 1961ರ ಡಿಸೆಂಬರ್ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲಿ ಬಾಂಬೋಲಿಯ ನಿಸ್ತಂತು ಕೇಂದ್ರದ ಮೇಲೆ ಎರಗಿದ ಹಂಟರ್ ವಿಮಾನಗಳು ಹಾರಿ ಹೋದದ್ದೂ ಆ ನೆಲದಿಂದಲೇ. ಎರಡನೆಯದು, ಈ ಚಿತ್ರವನ್ನು ಸರಿಯಾಗಿ ತೆಗೆಯಲು ಬೇಕಾದದ್ದು ಯಂತ್ರಶಾಸ್ತ್ರದ ಪದವಿಗಿಂತ ಹೆಚ್ಚಾಗಿ ಸಾಕ್ಷ್ಯವನ್ನು ತೂಗಿ ನೋಡುವ ಬುದ್ಧಿ. ಅದು ಇತಿಹಾಸದ ವಿದ್ಯಾರ್ಥಿಯ ಸ್ವಂತ ಸೊತ್ತು.

ಉದಾಹರಣೆಗಾಗಿ ಒಂದು ವಿಮಾನವನ್ನು ಆರಿಸಿಕೊಳ್ಳೋಣ. ಬೆಂಗಳೂರಿನಲ್ಲಿ ನಿರ್ಮಾಣಗೊಂಡ ಎಚ್‌ಎಫ್-24 ಎಂಬ ಯುದ್ಧವಿಮಾನಕ್ಕೆ ಮಾರುತ್ ಎಂದು ಹೆಸರಿಟ್ಟರು. ಊರಿಗೊಂದು ಮಾರುತಿಯ ಗುಡಿಯಿರುವ ನಮ್ಮ ಸೀಮೆಯವರಿಗೆ ಈ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲವಷ್ಟೆ. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ವಿಷ್ಣು ಮಾಧವ ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಎಂಬ ಶಿಕ್ಷಣ ವಿಮಾನವು 1951ರಲ್ಲಿ ಹಾರಿತು. ತರುವಾಯ 1956ರಲ್ಲಿ ಜರ್ಮನಿಯ ಪ್ರಖ್ಯಾತ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಯುದ್ಧಕಾಲದ ಫೋಕೆವುಲ್ಫ್ 190 ವಿಮಾನವನ್ನು ರೂಪಿಸಿದವರು ಇವರೇ. ಇವರೂ ಭಾರತೀಯ ಎಂಜಿನಿಯರರೂ ಕೂಡಿ ಮೊದಲು ಪೂರ್ಣ ಗಾತ್ರದ ಮರದ ಗ್ಲೈಡರೊಂದನ್ನು ಮಾಡಿ 1959ರಲ್ಲಿ ಹಾರಿಸಿ ಪರೀಕ್ಷಿಸಿದರು. 1961ರ ಜೂನ್ 17ರಂದು ಸುರಂಜನ ದಾಸರು ಮೊದಲ ಮಾರುತವನ್ನು ಆಕಾಶಕ್ಕೆ ಏರಿಸಿದರು. ಅವರೇ 1970ರ ಜನವರಿಯಲ್ಲಿ ಇದೇ ಜಾತಿಯ ವಿಮಾನದ ಪರೀಕ್ಷೆಯ ಕಾಲದಲ್ಲಿ ಅಪಘಾತಕ್ಕೀಡಾಗಿ ಮಡಿದರು. ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯಿದೆ. ಅದರಲ್ಲಿ ದಿನವೂ ಓಡಾಡುವವರಲ್ಲಿ ಎಷ್ಟು ಜನ ಈ ಸಂಗತಿಯನ್ನು ಬಲ್ಲರೋ!

ಮೊದಲಿನ ಮಾದರಿಗಳನ್ನೂ ಸೇರಿಸಿ ಒಟ್ಟು 147 ಮಾರುತಗಳು ತಯಾರಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಮರಳುಗಾಡಿನ ಮೇಲೆ ಹೋರಾಡಿದವು. ಅವುಗಳಿಗೆ ಮೊದಲು ಯೋಜಿಸಿದ್ದ ಬಲವಾದ ಎಂಜಿನ್ ದೊರೆಯಲಿಲ್ಲ. ದೊರೆತ ಎರಡು ಆರ್ಫಿಯಸ್ ಎಂಜಿನ್‌ಗಳ ಶಕ್ತಿ ಆ ಸುಂದರವಾದ ಒಡಲಿಗೆ ಸಾಲದೆ ಹೋಯಿತು. 1990ರ ಹೊತ್ತಿಗೆ ಅವೆಲ್ಲ ಸೇವೆಯಿಂದ ನಿವೃತ್ತವಾದವು. ಈಗ ಉಳಿದಿರುವುವು ಬೆರಳೆಣಿಕೆಯವು. ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು, ಅದೇ ಊರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದಲ್ಲಿ ಒಂದು, ದೂರದ ಜರ್ಮನಿಯ ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್‌ನಲ್ಲಿ ಒಂದು, ಹೀಗೆ. ಮಿಕ್ಕವು ಹಳೆಯ ಕಬ್ಬಿಣದ ದಾರಿ ಹಿಡಿದವು. ಒಂದು ನಿರ್ದಿಷ್ಟ ಅಂಕಿಯ ವಿಮಾನ 1971ರ ಡಿಸೆಂಬರಿನಲ್ಲಿ ಯಾವ ಬಣ್ಣ ಬಳಿದುಕೊಂಡು ನಿಂತಿತ್ತು ಎಂಬುದನ್ನು ಇನ್ನು ಮುಂದೆ ಯಾರಾದರೂ ಕಣ್ಣಾರೆ ಕಾಣುವುದು ಚಿತ್ರದಲ್ಲಿಯೇ ಹೊರತು ನಿಜದಲ್ಲಿ ಅಲ್ಲ. ಆ ಚಿತ್ರವೇ ಸುಳ್ಳಾದರೆ ಮುಂದಿನವರಿಗೆ ಸುಳ್ಳೇ ಇತಿಹಾಸವಾಗುತ್ತದೆ.

ನಮ್ಮ ನೈಯಾಯಿಕರು ಜ್ಞಾನಕ್ಕೆ ಪ್ರಮಾಣಗಳನ್ನು ಹೇಳಿರುವರಷ್ಟೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಪಾರ್ಶ್ವಚಿತ್ರ ಬರೆಯುವವನಿಗೆ ಈ ನಾಲ್ಕೂ ಬೇಕು. ಆ ಕಾಲದ ಛಾಯಾಚಿತ್ರವೇ ಅವನ ಪ್ರತ್ಯಕ್ಷ. ಎಡಪಕ್ಕದಲ್ಲಿ ಅಂಕಿ ಇದ್ದುದರಿಂದ ಬಲಪಕ್ಕದಲ್ಲಿಯೂ ಇದ್ದಿರಬೇಕೆಂಬುದು ಅನುಮಾನ. ಅದೇ ಸ್ಕ್ವಾಡ್ರನ್ನಿನ ಇನ್ನೊಂದು ವಿಮಾನದ ಚಿತ್ರವನ್ನು ನೋಡಿ ಇದೂ ಅದರಂತೆಯೇ ಇತ್ತೆಂದು ತಿಳಿಯುವುದು ಉಪಮಾನ. ಅದರ ಸೇವೆ ಮಾಡಿದ ಹಿರಿಯ ತಂತ್ರಜ್ಞರೊಬ್ಬರು ಬಾಯಿಂದ ಹೇಳಿದ್ದು ಶಬ್ದ. ಪ್ರತ್ಯಕ್ಷಕ್ಕೆ ಇರುವ ಬೆಲೆ ಉಳಿದವುಗಳಿಗೆ ಇಲ್ಲವೆಂದು ಒಮ್ಮೆಲೆ ತೀರ್ಮಾನಿಸುವುದು ಮಾತ್ರ ಸರಿಯಲ್ಲ. ಹಳೆಯ ಬಣ್ಣದ ಛಾಯಾಚಿತ್ರವು ವರ್ಷಗಳು ಕಳೆದಂತೆ ಕೆಂಪಗಾಗುತ್ತದೆ ಇಲ್ಲವೆ ನೀಲಿಗಟ್ಟುತ್ತದೆ. ಕಪ್ಪು-ಬಿಳುಪಿನ ಚಿತ್ರದಲ್ಲಿ ಹಸಿರೂ ಕಂದೂ ಒಂದೇ ಬೂದುಬಣ್ಣವಾಗಿ ಕಾಣಬಹುದು. ಅಂಥಲ್ಲಿ ವೃದ್ಧ ತಂತ್ರಜ್ಞರ ನೆನಪೇ ಕ್ಯಾಮರಾಕ್ಕಿಂತ ಪ್ರಾಮಾಣಿಕವಾಗಿರುವುದುಂಟು. ಬಯಲಿನಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿದ ವಿಮಾನವನ್ನು ನಂಬುವಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬಿಸಿಲು ಮಳೆಗೆ ಬಣ್ಣ ಕೆಟ್ಟಾಗಲೆಲ್ಲ ಹೊಸ ಬಣ್ಣ ಬಳಿಯುತ್ತಾರೆ. ಅದು ಮೂಲದ ಬಣ್ಣವೇ ಎಂಬುದಕ್ಕೆ ಖಾತ್ರಿಯಿಲ್ಲ. ಆಕಾರಕ್ಕೆ ಅದು ಒಳ್ಳೆಯ ಸಾಕ್ಷಿ, ಬಣ್ಣಕ್ಕೆ ದುರ್ಬಲ ಸಾಕ್ಷಿ.

ಆಕಾರದ ವಿಷಯದಲ್ಲಿಯೂ ಛಾಯಾಚಿತ್ರ ಮೋಸಮಾಡದೆ ಇರುವುದಿಲ್ಲ. ಪಾರ್ಶ್ವಚಿತ್ರವೆಂದರೆ ವಾಸ್ತವದಲ್ಲಿ ಯಾವ ಮನುಷ್ಯನೂ ಎಲ್ಲಿಯೂ ನಿಂತು ಕಾಣಲಾಗದ ನೋಟ. ಅನಂತ ದೂರದಿಂದ ನೋಡಿದರೆ ಹೇಗೆ ಕಾಣುವುದೋ ಹಾಗೆ ಬರೆದದ್ದು. ಕ್ಯಾಮರಾ ಹತ್ತಿರ ನಿಂತು ನೋಡುತ್ತದೆ. ಮಾರುತದ ರೆಕ್ಕೆಗಳ ಹರವು 9 ಮೀಟರು. ಅಂದರೆ ನಡುಮಧ್ಯದಿಂದ ಒಂದು ರೆಕ್ಕೆಯ ತುದಿ ನಾಲ್ಕೂವರೆ ಮೀಟರು ನಮ್ಮ ಕಡೆಗೆ ಚಾಚಿರುತ್ತದೆ. ನಾವು 15 ಮೀಟರು ದೂರ ನಿಂತು ಚಿತ್ರ ತೆಗೆದೆವೆನ್ನಿ. ವಿಮಾನದ ಮಧ್ಯರೇಖೆ 15 ಮೀಟರಿನಲ್ಲಿದ್ದರೆ ರೆಕ್ಕೆಯ ತುದಿ ಹತ್ತೂವರೆ ಮೀಟರಿನಲ್ಲಿದೆ. 15ನ್ನು 10.5ರಿಂದ ಭಾಗಿಸಿದರೆ 1.43. ರೆಕ್ಕೆಯ ತುದಿಯ ಭಾಗವು ಇರಬೇಕಾದುದಕ್ಕಿಂತ ಶೇಕಡಾ 43ರಷ್ಟು ದೊಡ್ಡದಾಗಿ ಕಂಡಂತಾಯಿತು! ಅದನ್ನೇ 100 ಮೀಟರು ದೂರದಿಂದ ದೂರದರ್ಶಕ ಲೆನ್ಸಿನಲ್ಲಿ ತೆಗೆದರೆ ವ್ಯತ್ಯಾಸ ಶೇಕಡಾ 5ಕ್ಕೆ ಇಳಿಯುತ್ತದೆ. ಆದ್ದರಿಂದ ಹತ್ತಿರದ ಸ್ಪಷ್ಟ ಚಿತ್ರಕ್ಕಿಂತ ದೂರದ ಮಸುಕು ಚಿತ್ರವೇ ರೇಖೆಗೆ ಹೆಚ್ಚು ಉಪಯುಕ್ತ. ಹತ್ತಿರದ್ದನ್ನು ಬೋಲ್ಟು, ಕಿಂಡಿ, ಅಕ್ಷರ ಮುಂತಾದ ವಿವರಗಳಿಗೆ ಇಟ್ಟುಕೊಳ್ಳಬೇಕು.

ಇನ್ನು ಉಪಕರಣಗಳ ವಿಚಾರ. ಚಿತ್ರದ ತಂತ್ರಾಂಶಗಳಲ್ಲಿ ಎರಡು ಕುಲಗಳಿವೆ. ಒಂದು ಕುಲದವು ಚಿತ್ರವನ್ನು ಸಣ್ಣ ಸಣ್ಣ ಬಣ್ಣದ ಚೌಕಗಳಾಗಿ ನೆನಪಿಟ್ಟುಕೊಳ್ಳುತ್ತವೆ, ಕೌದಿಯ ತುಂಡುಗಳಂತೆ. ದೊಡ್ಡದು ಮಾಡಿದರೆ ತುಂಡುಗಳೇ ಕಾಣಿಸಿಕೊಳ್ಳುತ್ತವೆ. ಫೋಟೋಶಾಪ್, ಜಿಂಪ್ ಈ ಕುಲದವು. ಇನ್ನೊಂದು ಕುಲದವು ಚಿತ್ರವನ್ನು ಗಣಿತದ ರೇಖೆಗಳಾಗಿ ಇಟ್ಟುಕೊಳ್ಳುತ್ತವೆ. ಬೆರಳಿನಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಗೆರೆ ಹರಿಯುವುದಿಲ್ಲ. ಇಲಸ್ಟ್ರೇಟರ್, ಕೋರಲ್‌ಡ್ರಾ, ಇಂಕ್‌ಸ್ಕೇಪ್ ಈ ಕುಲದವು. ಇವುಗಳಲ್ಲಿ 2003ರಲ್ಲಿ ಹುಟ್ಟಿದ ಇಂಕ್‌ಸ್ಕೇಪ್ ಧರ್ಮಾರ್ಥವಾದುದು. ಯಾರೂ ಹಣ ತೆರದೆ ಪಡೆದು ಬಳಸಬಹುದು. ಬಡ ವಿದ್ಯಾರ್ಥಿಯ ಹಳೆಯ ಯಂತ್ರದಲ್ಲಿಯೂ ಒಂದಿಷ್ಟು ಏದುಸಿರು ಬಿಟ್ಟುಕೊಂಡಾದರೂ ನಡೆಯುತ್ತದೆ. ವಿಮಾನದ ಪಾರ್ಶ್ವಚಿತ್ರಕ್ಕೆ ಈ ಎರಡನೆಯ ಕುಲವೇ ತಕ್ಕುದೆಂದು ನನ್ನ ಅಭಿಪ್ರಾಯ. ಒಂದು ಮಾರುತದ ರೇಖೆಯನ್ನು ಒಮ್ಮೆ ಸರಿಯಾಗಿ ಎಳೆದರೆ ಅದರ ಮೇಲೆ ಬೇಕಾದಷ್ಟು ಮಾರುತಗಳ ಬಣ್ಣಗಳನ್ನು ಹಾಕಿಕೊಳ್ಳಬಹುದಲ್ಲವೆ?

ಈ ರೇಖೆಯ ರಹಸ್ಯ ಬಹು ಸ್ವಾರಸ್ಯವಾದುದರಿಂದ ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಹಿಂದೆ ಹಡಗು, ವಿಮಾನಗಳ ಬಾಗುಗೆರೆಗಳನ್ನು ಎಳೆಯುವವರು ತೆಳ್ಳನೆಯ ಮರದ ಪಟ್ಟಿಯನ್ನು ಬಗ್ಗಿಸಿ, ಅಲ್ಲಲ್ಲಿ ಸೀಸದ ಭಾರಗಳನ್ನಿಟ್ಟು, ಅದರ ಅಂಚಿನಲ್ಲಿ ಪೆನ್ಸಿಲು ಓಡಿಸುತ್ತಿದ್ದರು. ಬಿದಿರಿನ ದಬ್ಬೆಯನ್ನು ಬಾಗಿಸಿ ಬುಟ್ಟಿ ಹೆಣೆಯುವವರನ್ನು ನೋಡಿದವರಿಗೆ ಇದರ ತತ್ತ್ವ ತಿಳಿಯುತ್ತದೆ. ದಬ್ಬೆಯು ತನ್ನಿಂದ ತಾನೇ ಗಂಟುಗಳಿಲ್ಲದ ನುಣುಪಾದ ದಾರಿಯನ್ನು ಹಿಡಿಯುತ್ತದೆ. ಇದನ್ನೇ ಗಣಿತದಲ್ಲಿ ಸಾಧಿಸಿದವರು ಫ್ರಾನ್ಸಿನ ಇಬ್ಬರು, ಅದೂ ಮೋಟಾರುಗಾಡಿಗಳ ಸಲುವಾಗಿ. ಸಿತ್ರೊಯೆನ್ ಕಂಪನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲಿಯೇ ಉಪಾಯವನ್ನು ಕಂಡುಹಿಡಿದರೂ ಕಂಪನಿಯವರು ಅದನ್ನು ಗುಟ್ಟಾಗಿಟ್ಟರು. ರೆನೊ ಕಂಪನಿಯ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ತಮ್ಮದನ್ನು ಪ್ರಕಟಿಸಿದರು. ಹೀಗಾಗಿ ರೇಖೆಗೆ ಬೆಜಿಯೆಯವರ ಹೆಸರೇ ನಿಂತಿತು. ಮುಚ್ಚಿಟ್ಟ ವಿದ್ಯೆಗೆ ಹೆಸರು ಬರಲಿಲ್ಲ.

ಒಂದು ಕಾಗದದ ಮೇಲೆ ನಾಲ್ಕು ಚುಕ್ಕಿಗಳನ್ನಿಡಿ. ಅ, ಆ, ಇ, ಈ ಎಂದು ಕರೆಯಿರಿ. ಅ ಎಂಬುದು ಗೆರೆಯ ಆರಂಭ, ಈ ಎಂಬುದು ಕೊನೆ. ನಡುವಿನ ಎರಡು ಚುಕ್ಕಿಗಳನ್ನು ಗೆರೆ ಮುಟ್ಟುವುದಿಲ್ಲ. ಅವು ತಮ್ಮ ಕಡೆಗೆ ಅದನ್ನು ಸೆಳೆಯುತ್ತವೆ, ಅಷ್ಟೆ. ಈಗ ಅ-ಆ, ಆ-ಇ, ಇ-ಈ ಈ ಮೂರು ಗೆರೆಗಳ ನಟ್ಟನಡುವೆ ಒಂದೊಂದು ಚುಕ್ಕಿಯಿಡಿ. ಆ ಮೂರು ಹೊಸ ಚುಕ್ಕಿಗಳನ್ನು ಜೋಡಿಸಿದರೆ ಎರಡು ಗೆರೆಗಳಾಗುತ್ತವೆ. ಅವುಗಳ ನಡುವೆ ಮತ್ತೆ ಒಂದೊಂದು ಚುಕ್ಕಿ. ಆ ಎರಡನ್ನು ಜೋಡಿಸಿದರೆ ಒಂದೇ ಗೆರೆ. ಅದರ ನಡುವಿನ ಚುಕ್ಕಿಯೇ ನಮ್ಮ ಬಾಗುಗೆರೆಯ ಮೇಲಿನ ಒಂದು ಬಿಂದು. ನಡುವೆ ಎಂಬ ಬದಲು ಕಾಲುಭಾಗದಲ್ಲಿ, ಮುಕ್ಕಾಲುಭಾಗದಲ್ಲಿ ಎಂದು ಹೀಗೆಯೇ ಮಾಡುತ್ತ ಹೋದರೆ ಗೆರೆಯ ಎಲ್ಲ ಬಿಂದುಗಳೂ ದೊರೆಯುತ್ತವೆ. ಯಂತ್ರ ಇದನ್ನು ಕಣ್ಣುಮುಚ್ಚಿ ತೆಗೆಯುವುದರೊಳಗೆ ಮಾಡಿ ಮುಗಿಸುತ್ತದೆ. ಮುಂಜಾನೆ ಅಂಗಳದಲ್ಲಿ ಚುಕ್ಕಿಯಿಟ್ಟು ರಂಗೋಲಿ ಎಳೆಯುವ ನಮ್ಮ ತಾಯಂದಿರಿಗೆ ಈ ವಿದ್ಯೆಯನ್ನು ಹೇಳಿಕೊಟ್ಟರೆ ಅವರು ನಮಗಿಂತ ಬೇಗ ಕಲಿತಾರೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ಚುಕ್ಕಿಗಳನ್ನು ಎಲ್ಲಿಡಬೇಕೆಂಬುದನ್ನು ಯಂತ್ರ ಹೇಳದು. ಹೊಸಬರು ಗೆರೆ ತಪ್ಪೀತೆಂಬ ಭಯದಿಂದ ಹೆಜ್ಜೆಗೊಂದು ಚುಕ್ಕಿಯಿಡುತ್ತಾರೆ. ಫಲವಾಗಿ ವಿಮಾನದ ಬೆನ್ನು ಬರಗಾಲದ ಎತ್ತಿನ ಬೆನ್ನಿನಂತೆ ಎಲುಬೆಲುಬಾಗಿ ಕಾಣುತ್ತದೆ. ಚುಕ್ಕಿ ಕಡಿಮೆಯಾದಷ್ಟೂ ಗೆರೆ ನುಣುಪು. ಮೂತಿಯ ತುದಿ, ಗಾಜಿನ ಮುಸುಕು ಎದ್ದುಬರುವ ಜಾಗ, ಬೆನ್ನಿನ ಅತಿ ಎತ್ತರದ ಜಾಗ, ಬಾಲ ಕೂಡುವ ಮೂಲೆ ಇಂಥ ತಿರುವುಗಳಲ್ಲಿ ಮಾತ್ರ ಚುಕ್ಕಿಯಿಟ್ಟು ಉಳಿದುದನ್ನು ಹಿಡಿಕೆಗಳಿಂದ ಎಳೆದು ಸರಿಪಡಿಸಬೇಕು.

ಕೆಲಸಕ್ಕೆ ತೊಡಗುವ ಮೊದಲು ಪ್ರಮಾಣವನ್ನು ನಿಶ್ಚಯಿಸಿಕೊಳ್ಳಬೇಕು. ಮಾದರಿ ವಿಮಾನಗಳನ್ನು ಮಾಡುವವರು ಜಗತ್ತಿನಾದ್ಯಂತ 72ರಲ್ಲಿ ಒಂದಂಶ, 48ರಲ್ಲಿ ಒಂದಂಶ ಎಂಬ ಅಳತೆಗಳನ್ನು ಬಳಸುತ್ತಾರೆ. ಮಾರುತದ ಉದ್ದ 15.87 ಮೀಟರು. 72ರಿಂದ ಭಾಗಿಸಿದರೆ ಸುಮಾರು 220 ಮಿಲಿಮೀಟರು. 297 ಮಿಲಿಮೀಟರು ಅಗಲವಾಗಿ ಅಡ್ಡಲಾಗಿಟ್ಟ ಎ-4 ಹಾಳೆಯಲ್ಲಿ ಅದು ಆರಾಮವಾಗಿ ಕೂಡ್ರುತ್ತದೆ. 48ರ ಅಳತೆಯಾದರೆ 330 ಮಿಲಿಮೀಟರಾಗಿ ಹಾಳೆಯನ್ನು ದಾಟುತ್ತದೆ. ವಿಮಾನದ ಎತ್ತರ 3.60 ಮೀಟರು, ಚಿತ್ರದಲ್ಲಿ 50 ಮಿಲಿಮೀಟರು. ಈ ಎರಡು ಅಳತೆಗಳ ಒಂದು ಪೆಟ್ಟಿಗೆಯನ್ನು ತೆಳ್ಳಗೆ ಎಳೆದಿಟ್ಟುಕೊಂಡರೆ ಅದೇ ನಮ್ಮ ನ್ಯಾಯಾಧೀಶ. ಛಾಯಾಚಿತ್ರವನ್ನು ಅಡಿಯ ಪದರದಲ್ಲಿ ಮಸುಕಾಗಿ ಹರಡಿ, ವಿಮಾನ ಸಮತಲವಾಗುವಂತೆ ತಿರುಗಿಸಿ, ಆ ಪದರಕ್ಕೆ ಬೀಗ ಹಾಕಬೇಕು. ಉದ್ದವನ್ನು ಪೆಟ್ಟಿಗೆಗೆ ಹೊಂದಿಸಿದ ಮೇಲೆ ಎತ್ತರ ಹೊಂದದಿದ್ದರೆ ಛಾಯಾಚಿತ್ರ ಓರೆಯಾಗಿದೆಯೆಂದು ಅರ್ಥ. ಇಲ್ಲಿ ಎರಡು ಎಚ್ಚರಿಕೆಗಳುಂಟು. ಪುಸ್ತಕದಲ್ಲಿ ಕೊಟ್ಟ ಉದ್ದವು ಮೂತಿಯ ಮುಂದೆ ಚಾಚಿದ ವೇಗ ಅಳೆಯುವ ಕಡ್ಡಿಯನ್ನು ಒಳಗೊಂಡಿದೆಯೋ ಇಲ್ಲವೋ ಎಂದು ವಿಚಾರಿಸಬೇಕು. ಎತ್ತರವನ್ನು ನೆಲದ ಮೇಲೆ ನಿಂತಾಗ ಅಳೆದಿರುತ್ತಾರೆ. ಗಾಲಿಗಳನ್ನು ಒಳಗೆಳೆದುಕೊಂಡು ಹಾರುತ್ತಿರುವ ವಿಮಾನಕ್ಕೆ ಅದು ಅನ್ವಯಿಸುವುದಿಲ್ಲ.

ಪದರಗಳೇ ಗಣಕಯಂತ್ರದ ದೊಡ್ಡ ವರ. ಪಾರದರ್ಶಕ ಕಾಗದಗಳನ್ನು ಒಂದರ ಮೇಲೊಂದು ಇಟ್ಟಂತೆ ಛಾಯಾಚಿತ್ರ ಒಂದರಲ್ಲಿ, ಹೊರರೇಖೆ ಒಂದರಲ್ಲಿ, ಬಣ್ಣ ಒಂದರಲ್ಲಿ, ನೆರಳು ಒಂದರಲ್ಲಿ, ಗುರುತುಗಳು ಒಂದರಲ್ಲಿ ಇರಬೇಕು. ಬಣ್ಣದ ವಿಚಾರದಲ್ಲಿ ಹೊಸ ಸಾಕ್ಷ್ಯ ದೊರೆತ ದಿನ ಆ ಒಂದು ಪದರವನ್ನು ಮಾತ್ರ ತಿದ್ದಿದರೆ ಸಾಕು. ಕುಂಚದ ಕಾಲದ ಚಿತ್ರಕಾರನಿಗೆ ಈ ಭಾಗ್ಯವಿರಲಿಲ್ಲ.

ಮಾರುತದ ಒಡಲಿನ ಒಂದು ವಿಶೇಷವನ್ನು ಇಲ್ಲಿ ಹೇಳಬೇಕು. ಶಬ್ದದ ವೇಗದ ಸಮೀಪದಲ್ಲಿ ಗಾಳಿಯ ತಡೆಯನ್ನು ಕಡಿಮೆ ಮಾಡುವ ಸಲುವಾಗಿ, ರೆಕ್ಕೆಗಳು ಕೂಡುವ ಸ್ಥಳದಲ್ಲಿ ಒಡಲನ್ನು ಸೊಂಟದಂತೆ ಸಣ್ಣದು ಮಾಡಿದ್ದಾರೆ. ಮೇಲಿನಿಂದ ನೋಡಿದರೆ ಈ ಸೊಂಟ ಚೆನ್ನಾಗಿ ಕಾಣುತ್ತದೆ. ಪಕ್ಕದಿಂದ ನೋಡಿದರೆ ರೇಖೆಯಲ್ಲಿ ಅದರ ಸುಳಿವು ಹತ್ತುವುದು ಕಷ್ಟ. ರೇಖೆ ಮೂಕವಾದಲ್ಲಿ ನೆರಳು ಮಾತನಾಡಬೇಕು. ಬೆಳಕು ಮೇಲಿನಿಂದ ಬೀಳುತ್ತದೆಂದು ಇಟ್ಟುಕೊಂಡರೆ ದುಂಡಾದ ಒಡಲಿನ ಮೇಲ್ಭಾಗ ಹೊಳೆಯುತ್ತದೆ, ಕೆಳಕ್ಕೆ ಬಂದಂತೆ ಕಪ್ಪಾಗುತ್ತದೆ; ತೀರ ಕೆಳಗೆ ನೆಲದಿಂದ ಪುಟಿದ ಬೆಳಕಿನ ಒಂದು ಸಣ್ಣ ಪಟ್ಟಿ ಮತ್ತೆ ಕಾಣಿಸಿಕೊಳ್ಳುತ್ತದೆ. ಮಣ್ಣಿನ ಕೊಡವನ್ನು ಬಿಸಿಲಲ್ಲಿಟ್ಟು ನೋಡಿದರೆ ಇದೆಲ್ಲವೂ ಅದರ ಮೈಮೇಲೆಯೇ ತೋರುತ್ತದೆ. ಗಾಳಿಯನ್ನು ಒಳಕ್ಕೆ ಸೆಳೆಯುವ ಪಕ್ಕದ ಬಾಯಿಗಳು ಅರೆವೃತ್ತದಂತಿದ್ದು, ಅವುಗಳೊಳಗೆ ಅರ್ಧಶಂಕುವೊಂದು ಕುಳಿತಿದೆ. ಈ ಶಂಕುವಿನ ನೆರಳನ್ನು ಸರಿಯಾಗಿ ಹಾಕಿದರೆ ಚಿತ್ರಕ್ಕೆ ಒಮ್ಮೆಲೆ ಜೀವ ಬರುತ್ತದೆ. ತಂತ್ರಾಂಶದಲ್ಲಿ ಗ್ರೇಡಿಯಂಟ್ ಎಂಬುದು ಒಂದು ಬಣ್ಣವನ್ನು ಇನ್ನೊಂದಕ್ಕೆ ಕರಗಿಸುತ್ತದೆ, ಬ್ಲರ್ ಎಂಬುದು ಅಂಚನ್ನು ಮಸುಕು ಮಾಡುತ್ತದೆ, ಕ್ಲಿಪ್ ಎಂಬುದು ನೆರಳು ಹೊರರೇಖೆಯಿಂದ ಆಚೆ ಚೆಲ್ಲದಂತೆ ಕತ್ತರಿಸುತ್ತದೆ. ಈ ಮೂರರ ಹದ ತಿಳಿದರೆ ನೆರಳಿನ ಕೆಲಸ ಮುಗಿದಂತೆಯೇ.

ಬಣ್ಣದ ವಿಷಯದಲ್ಲಿ ಜಗಳಗಳು ಬಹಳ. ಆರಂಭದಲ್ಲಿ ಮಾರುತಗಳು ಬರಿಯ ಲೋಹದ ಹೊಳಪಿನಿಂದಿದ್ದವು. ತರುವಾಯ ನೆಲದೊಡನೆ ಬೆರೆತು ಕಾಣದಂತೆ ಮೇಲ್ಮೈಗೆ ಹಸಿರು-ಕಂದು ಬಣ್ಣಗಳ ಅಂಕುಡೊಂಕಾದ ಪಟ್ಟೆಗಳೂ, ಆಕಾಶದೊಡನೆ ಬೆರೆಯಲೆಂದು ಹೊಟ್ಟೆಗೆ ತಿಳಿಬೂದಿಯೂ ಬಂದವು. ಹಸಿರೆಂದರೆ ಯಾವ ಹಸಿರು? ತೊಗರಿಯ ಎಲೆಯೂ ಹಸಿರೇ, ಬೇವಿನ ಎಲೆಯೂ ಹಸಿರೇ. ಇಂಥ ಗೊಂದಲ ತಪ್ಪಿಸಲೆಂದು ಬ್ರಿಟಿಷರು 381-ಸಿ ಎಂಬ ಬಣ್ಣಗಳ ಪಟ್ಟಿಯನ್ನೂ ಅಮೆರಿಕದವರು 1956ರಲ್ಲಿ 595ನೆಯ ಫೆಡರಲ್ ಸ್ಟ್ಯಾಂಡರ್ಡ್ ಎಂಬ ಪಟ್ಟಿಯನ್ನೂ ಮಾಡಿದರು. ಅದರಲ್ಲಿನ ಪ್ರತಿಯೊಂದು ಬಣ್ಣಕ್ಕೂ ಒಂದು ಅಂಕಿ. ಆದರೆ ಡಬ್ಬಿಯಲ್ಲಿನ ಬಣ್ಣವೇ ಬೇರೆ, ರಾಜಸ್ಥಾನದ ಬಿಸಿಲಿನಲ್ಲಿ ನಿಂತು ಮಾಸಿದ ಬಣ್ಣವೇ ಬೇರೆ. ಅಲ್ಲದೆ ದೂರದ ಬೆಟ್ಟ ಹತ್ತಿರದ್ದಕ್ಕಿಂತ ತಿಳಿಯಾಗಿ ಕಾಣುವಂತೆ, ಸಣ್ಣದಾಗಿ ಬರೆದ ವಿಮಾನಕ್ಕೆ ಮೂಲದ ಬಣ್ಣವನ್ನು ಹಾಗೆಯೇ ಹಾಕಿದರೆ ಕರ್ರಗೆ ಕಾಣುತ್ತದೆ. ತುಸು ಬಿಳಿ ಬೆರೆಸಬೇಕು. ಎಷ್ಟು ಎಂಬುದಕ್ಕೆ ಸೂತ್ರವಿಲ್ಲ. ಅಡುಗೆಯ ಉಪ್ಪಿನಂತೆ ಕೈ ಅಳತೆ. ಇನ್ನೊಂದು ತೊಡಕು: ಗಣಕಯಂತ್ರದ ಪರದೆ ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಕೂಡಿಸಿ ಬಣ್ಣ ತೋರಿಸುತ್ತದೆ, ಮುದ್ರಣಾಲಯದವರು ನಾಲ್ಕು ಮಸಿಗಳನ್ನು ಕಾಗದದ ಮೇಲೆ ಒತ್ತುತ್ತಾರೆ. ಪರದೆಯಲ್ಲಿ ಕಂಡ ಕೇಸರಿ ಅಚ್ಚಿನಲ್ಲಿ ಇಟ್ಟಿಗೆಯ ಬಣ್ಣವಾದರೆ ಅಚ್ಚುಕೂಟದವರನ್ನು ಬಯ್ಯುವುದು ನ್ಯಾಯವಲ್ಲ. ಮೊದಲು ಒಂದು ಚೂರು ಅಚ್ಚುಹಾಕಿಸಿ ನೋಡಿಕೊಳ್ಳುವುದು ಲೇಸು.

ಗುರುತುಗಳಲ್ಲಿ ಮುಖ್ಯವಾದುದು ವಾಯುಪಡೆಯ ವರ್ತುಲ. ಹೊರಗೆ ಕೇಸರಿ, ಅದರೊಳಗೆ ಬಿಳಿ, ನಡುವೆ ಹಸಿರು. ಒಂದೇ ಕೇಂದ್ರದ ಮೂರು ವೃತ್ತಗಳನ್ನು ಎಳೆಯುವುದು ಕೂಸಿನ ಆಟವೆಂದು ತೋರಬಹುದು. ಒಡಲು ಬಾಗಿದಲ್ಲಿ ವೃತ್ತವೂ ಅದರೊಡನೆ ಬಾಗಿ ಮೊಟ್ಟೆಯಾಕಾರವಾಗುತ್ತದೆಂಬುದನ್ನು ಮರೆತರೆ ಅದು ವಿಮಾನಕ್ಕೆ ಅಂಟಿಸಿದ ಬಿಲ್ಲೆಯಂತೆ ಕಾಣುತ್ತದೆ. ಅಂಕಿಗಳನ್ನು ಯಂತ್ರದಲ್ಲಿ ಸಿದ್ಧವಾಗಿ ದೊರೆಯುವ ಅಕ್ಷರಗಳಿಂದ ಹಾಕುವ ಸೋಮಾರಿತನವಂತೂ ಕೂಡದು. ವಿಮಾನದ ಮೇಲೆ ಅವುಗಳನ್ನು ಬರೆದವರು ತಗಡಿನ ಕೊರೆದಚ್ಚು ಹಿಡಿದ ಬಣ್ಣಗಾರರು. ಅವರ 8ರ ಸೊಂಟ, ಅವರ 3ರ ಬಾಗು ಅವರವೇ. ಛಾಯಾಚಿತ್ರ ನೋಡಿ ಒಂದೊಂದು ಅಂಕಿಯನ್ನೂ ಕೈಯಿಂದ ಎಳೆಯಬೇಕು. ಎಡಪಕ್ಕವನ್ನು ಮುಗಿಸಿ, ಬಲಪಕ್ಕಕ್ಕಾಗಿ ಅದನ್ನೇ ಕನ್ನಡಿಯಂತೆ ತಿರುಗಿಸುವವರು ಅಂಕಿಗಳೂ ತಿರುಗುಮುರುಗಾಗುತ್ತವೆಂಬುದನ್ನು ನೆನಪಿಡಬೇಕು. ಪಟ್ಟೆಗಳ ವಿನ್ಯಾಸ ಎರಡು ಪಕ್ಕಗಳಲ್ಲಿ ಒಂದೇ ಆಗಿರುವುದೂ ಇಲ್ಲ. ಬಲಪಕ್ಕದ ಛಾಯಾಚಿತ್ರವಿಲ್ಲದೆ ಬಲಪಕ್ಕ ಬರೆಯುವುದು ಊಹೆಯೇ ಸರಿ.

ತಗಡುಗಳು ಕೂಡುವ ಸಂದುಗಳನ್ನು ಕಪ್ಪು ಗೆರೆಗಳಿಂದ ತೋರಿಸುವುದು ರೂಢಿಯಾಗಿದೆ. ಲೆಕ್ಕ ಹಾಕಿ ನೋಡಿದರೆ ಎರಡು ಮಿಲಿಮೀಟರಿನ ಸಂದು 72ರ ಅಳತೆಯಲ್ಲಿ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲೂ ಆಗುವುದಿಲ್ಲ, ಕಣ್ಣಿಗೆ ಕಾಣಲೇಬಾರದು. ಆದರೂ ವಿಮಾನ ಹೇಗೆ ಕಟ್ಟಲ್ಪಟ್ಟಿದೆ ಎಂಬುದನ್ನು ಓದುಗನಿಗೆ ತಿಳಿಸಲು ಗೆರೆ ಬೇಕು. ಆದ್ದರಿಂದ ಕಪ್ಪನ್ನು ಬಿಟ್ಟು, ಅಡಿಯ ಬಣ್ಣಕ್ಕಿಂತ ತುಸು ಗಾಢವಾದ ತೆಳುಗೆರೆ ಎಳೆಯುವುದು ಯೋಗ್ಯ. ಎಣ್ಣೆಯ ಕಲೆ, ಫಿರಂಗಿಯ ಬಾಯಿಯ ಹೊಗೆಕಪ್ಪು ಇವುಗಳನ್ನು ಛಾಯಾಚಿತ್ರದಲ್ಲಿ ಕಂಡಷ್ಟೇ ಹಾಕಬೇಕು. ಕೆಲವು ಚಿತ್ರಕಾರರು ಉತ್ಸಾಹದಿಂದ ವಿಮಾನವನ್ನು ಗಾಣದ ಎತ್ತಿನಂತೆ ಕೊಳೆಮಾಡುತ್ತಾರೆ. ದಿನವೂ ಅದನ್ನು ತೊಳೆದು ಒರೆಸುತ್ತಿದ್ದ ಸಿಬ್ಬಂದಿಗೆ ಅದು ಅವಮಾನ.

ಈಚೆಗೆ ನಾಲ್ಕು ಮಾತು ಹೇಳಿದರೆ ಚಿತ್ರವನ್ನು ತಾನೇ ತೆಗೆದುಕೊಡುವ ಯಂತ್ರಬುದ್ಧಿಯೂ ಬಂದಿದೆ. ಅದರ ವಿಮಾನಗಳು ನೋಡಲು ಸೊಗಸು. ಈ ಕಿಂಡಿ ಇಲ್ಲಿ ಏಕೆ ಬಂತು, ಈ ಅಂಕಿಯನ್ನು ಎಲ್ಲಿ ಕಂಡೆ ಎಂದು ಕೇಳಿದರೆ ಅದರ ಬಳಿ ನಂಬಬಹುದಾದ ಉತ್ತರವಿಲ್ಲ. ಪಾರ್ಶ್ವಚಿತ್ರದ ಬೆಲೆಯಿರುವುದು ಆ ಉತ್ತರದಲ್ಲಿಯೇ. ಅದಕ್ಕೋಸ್ಕರ ನಾನು ಪ್ರತಿಯೊಂದು ಚಿತ್ರದ ಕೆಳಗೆ ಎರಡು ಸಾಲು ಬರೆಯುತ್ತೇನೆ. ಮೊದಲನೆಯ ಸಾಲಿನಲ್ಲಿ ಯಾವ ಯಾವ ಭಾಗವನ್ನು ಛಾಯಾಚಿತ್ರದಿಂದ ತೆಗೆದುಕೊಂಡದ್ದು ಎಂಬುದು. ಎರಡನೆಯದರಲ್ಲಿ ಯಾವುದು ಊಹೆ ಎಂಬುದು. ತೀರ ತಿಳಿಯದ ಭಾಗವನ್ನು ಬಣ್ಣ ತುಂಬದೆ ಬರಿಯ ರೇಖೆಯಾಗಿಯೇ ಬಿಡುತ್ತೇನೆ. ನೋಡುವವರು ಚಿತ್ರ ಅಪೂರ್ಣವೆನ್ನುತ್ತಾರೆ. ಶಾಸನದ ಪಾಠವನ್ನು ಅಚ್ಚುಮಾಡುವ ವಿದ್ವಾಂಸರು ಅಕ್ಷರ ಸವೆದ ಕಡೆ ಚುಕ್ಕಿಗಳನ್ನಿಟ್ಟು ಮುಂದೆ ಸಾಗುವುದಿಲ್ಲವೆ? ಅದನ್ನು ಯಾರೂ ಅಪೂರ್ಣವೆಂದು ಜರಿದದ್ದನ್ನು ಕೇಳಿಲ್ಲ. ಮಿಥ್ಯೆಯಿಂದ ತುಂಬಿದ ಅಕ್ಷರಕ್ಕಿಂತ ಆ ಚುಕ್ಕಿ ಮೇಲು.

ಸದ್ಯಕ್ಕೆ ನನ್ನಲ್ಲಿ ಎಡಪಕ್ಕದ ಮೂಲರೇಖೆ ಮುಗಿದಿದೆ. ಇಬ್ಬರು ಕೂಡ್ರುವ ಶಿಕ್ಷಣದ ಮಾರುತ 1970ರಲ್ಲಿ ಹಾರಿದ್ದು. ಅದರ ಮೂತಿಯ ಭಾಗ ಬೇರೆಯಾದುದರಿಂದ ಆ ಕೆಲಸ ಬಾಕಿಯಿದೆ. ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯಿಂದ ಸೈನ್ಯಕ್ಕೂ ವಾಯುಪಡೆಗೂ ಹೋಗಿ ನಿವೃತ್ತರಾಗಿ ಬಂದವರ ಮನೆಗಳಲ್ಲಿ ಹಳೆಯ ಟ್ರಂಕುಗಳಿವೆ. ಅವುಗಳ ತಳದಲ್ಲಿ ಸಮವಸ್ತ್ರದೊಡನೆ, ವಿಮಾನದ ಮುಂದೆ ಗೆಳೆಯರ ಹೆಗಲ ಮೇಲೆ ಕೈಹಾಕಿ ನಿಂತ ಛಾಯಾಚಿತ್ರವೊಂದಾದರೂ ಇದ್ದೀತು. ವಾಚಕರಲ್ಲಿ ಯಾರ ಅಜ್ಜಂದಿರಾದರೂ, ಕಾಕಂದಿರಾದರೂ ಅಂಥವರಾಗಿದ್ದರೆ ದಯವಿಟ್ಟು ಟ್ರಂಕನ್ನು ತೆರೆಸಿ ನೋಡಬೇಕು. ಚಿತ್ರವನ್ನು ಕೊಡುವುದು ಬೇಡ. ಮನೆಯಲ್ಲಿಯೇ ಬೆಳಕಿಗೆ ನೆಟ್ಟಗೆ ಹಿಡಿದು ಪ್ರತಿ ತೆಗೆದುಕೊಂಡು, ಹಿಂಬದಿಯಲ್ಲಿ ಬರೆದ ತಾರೀಖು ಸ್ಥಳಗಳನ್ನೂ ಹಾಗೆಯೇ ಪ್ರತಿ ಮಾಡಿದರೆ ಸಾಕು. ಅವರು ಬದುಕಿದ್ದರೆ, ಹಿ೦ದೆ ಕಾಣುವ ವಿಮಾನದ ಹೊಟ್ಟೆಯ ಬಣ್ಣ ಯಾವುದಿತ್ತು ಎಂದು ಒಂದು ಮಾತು ಕೇಳಬೇಕು. ಬಲಪಕ್ಕದ ಪಟ್ಟೆಗಳು ನೆನಪಿದ್ದರೆ ಒಂದು ಹಾಳೆಯ ಮೇಲೆ ಅವರ ಕೈಯಿಂದಲೇ ಗೀಚಿಸಿಕೊಳ್ಳಬೇಕು.